ಬಾಟಲಿಯಿಂದ ಮಾತು ಬರುವುದೇ?

ಮೂರು ವರ್ಷದ ಮಗು. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ಆಟದ ಕಾರನ್ನು ಓಡಿಸುವುದಿಲ್ಲ, ಮಗುಚಿ ಹಾಕಿ ಚಕ್ರವನ್ನಷ್ಟೇ ಗಂಟೆಗಟ್ಟಲೆ ತಿರುಗಿಸುತ್ತಾ ಕೂರುತ್ತದೆ. ಮಾತಿಲ್ಲ. "ಕೆಲವು ಮಕ್ಕಳಿಗೆ ಮಾತು ತಡ" ಎಂದು ಅಜ್ಜಿ ಸಮಾಧಾನ ಹೇಳಿ ಬಜೆ ತೇಯ್ದು ನಾಲಿಗೆಗೆ ಸವರುತ್ತಾರೆ. ಆಮೇಲೆ ಕಿವಿಯ ಪರೀಕ್ಷೆ ನಡೆಯುತ್ತದೆ, ಕಿವಿ ಚೆನ್ನಾಗಿಯೇ ಇದೆ ಎಂದು ತಿಳಿಯುತ್ತದೆ. ಕೊನೆಗೆ ದೊಡ್ಡ ಊರಿನ ಡಾಕ್ಟರು 'ಆಟಿಸಂ' ಎನ್ನುತ್ತಾರೆ. ಆ ಪದವನ್ನು ಹೊತ್ತುಕೊಂಡು ಮನೆಗೆ ಬಂದ ತಂದೆತಾಯಿಗಳ ಕೈಗೆ ಸ್ವಲ್ಪ ದಿನಗಳಲ್ಲೇ ಯಾರಾದರೊಬ್ಬರು ಒಂದು ಬಾಟಲಿ ತಂದುಕೊಡುತ್ತಾರೆ. ಜಿಂಕ್ ಸಿರಪ್ಪು, ಇಲ್ಲವೇ ಮೆಗ್ನೀಷಿಯಂ ಪುಡಿ, ಇಲ್ಲವೇ ಹತ್ತಾರು ಖನಿಜಗಳು ಸೇರಿದ ಹನಿ. "ಇಂಥವರ ಮಗುವಿಗೆ ಇದರಿಂದಲೇ ಮಾತು ಬಂತಂತೆ" ಎಂಬ ಮಾತೂ ಅದರ ಜತೆಗೆ ಬರುತ್ತದೆ.

ಪ್ರಿಯ ಓದುಗರೇ, ಇಂದು ಆ ಬಾಟಲಿಯ ಬಗ್ಗೆಯೇ ನಾವು ಮಾತಾಡಬೇಕಾಗಿದೆ. ಕೊಡುವ ತಂದೆತಾಯಿಗಳನ್ನು ತಪ್ಪಿತಸ್ಥರ ಸಾಲಿನಲ್ಲಿ ನಿಲ್ಲಿಸಲು ಈ ಲೇಖನ ಬರೆಯುತ್ತಿಲ್ಲ. ಮಗುವಿನ ಮಾತಿಗಾಗಿ ಕಾಯುವ ಮನೆಯವರು ಏನನ್ನು ತಾನೇ ಪ್ರಯತ್ನಿಸದೆ ಬಿಟ್ಟಾರು? ಆದರೆ ಯಾವ ಖನಿಜ ಯಾವಾಗ ಬೇಕು, ಯಾವಾಗ ಬೇಡ, ಯಾವುದು ಜೀವಕ್ಕೇ ಅಪಾಯ ಎಂಬುದು ಮನೆಯವರಿಗೆ ಗೊತ್ತಿರಬೇಕು.

ಮೊದಲು ಆಟಿಸಂ ಬಗ್ಗೆ ಎರಡು ಮಾತು. ಇದು ಅಂಟುರೋಗವಲ್ಲ, ಹುಚ್ಚಲ್ಲ, ಬೆಳೆಸಿದ ರೀತಿಯಿಂದ ಬಂದದ್ದೂ ಅಲ್ಲ. ಮಿದುಳು ಬೆಳೆಯುವ ಬಗೆಯಲ್ಲೇ ಇರುವ ಒಂದು ವ್ಯತ್ಯಾಸ. ಇದರಲ್ಲಿ ವಂಶವಾಹಿಗಳ ಪಾಲು ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ 127 ಜನರಲ್ಲಿ ಒಬ್ಬರು ಆಟಿಸಂ ಉಳ್ಳವರು. ಹಾಗಾದರೆ ನಮ್ಮ ಒಂದೊಂದು ಧರ್ಮಕೇಂದ್ರದಲ್ಲೂ ಇಂಥ ಮಕ್ಕಳು ಕೆಲವರಾದರೂ ಇರಲೇಬೇಕು. ಭಾನುವಾರದ ಪೂಜೆಯಲ್ಲಿ ಅವರು ಕಾಣದಿದ್ದರೆ ಕಾರಣವನ್ನು ನಾವೇ ಊಹಿಸಬಹುದು. ಮಗು ಕೂಗಿದೊಡನೆ ಹಿಂದಿರುಗಿ ನೋಡುವ ಕಣ್ಣುಗಳೇನು ಕಡಿಮೆಯೇ?

ಕಂಬಂ ಕಣಿವೆಯ ಲೆಕ್ಕಾಚಾರ

ಖನಿಜದ ಮಾತು ನಮ್ಮ ಜನರ ಮನಸ್ಸಿಗೆ ಇಷ್ಟು ಬೇಗ ಏಕೆ ಹಿಡಿಸುತ್ತದೆ? ಇದನ್ನು ಅರಿಯಲು ತಮಿಳುನಾಡಿನ ತೇನಿ ಜಿಲ್ಲೆಯ ಕಡೆ ಒಮ್ಮೆ ನೋಡಬೇಕು. ಕಂಬಂ, ಗೂಡಲೂರು, ಚಿನ್ನಮನೂರು, ಬೋಡಿನಾಯಕನೂರು ಸೀಮೆಯಲ್ಲೂ ಪಕ್ಕದ ದಿಂಡಿಗಲ್ ಜಿಲ್ಲೆಯಲ್ಲೂ ಮನೆಮಾತು ಕನ್ನಡವಾಗಿರುವ ಒಕ್ಕಲಿಗ ಗೌಂಡರು, ಕಾಪ್ಪಿಲಿಯರು, ಅನುಪ್ಪರು ತಲೆಮಾರುಗಳಿಂದ ನೆಲೆಸಿದ್ದಾರೆ. ಶಾಲೆಯಲ್ಲಿ ತಮಿಳು, ಪೇಟೆಯಲ್ಲಿ ತಮಿಳು, ಅಡುಗೆಮನೆಯಲ್ಲಿ ಕನ್ನಡ. 1895ರಲ್ಲಿ ಪೆರಿಯಾರ್ ಅಣೆಕಟ್ಟು ಮುಗಿದ ಮೇಲೆ ಅದರ ನೀರು ಈ ಕಣಿವೆಗೆ ಇಳಿಯಿತು. ಭತ್ತ, ಬಾಳೆ, ತೆಂಗು, ಎಲ್ಲಕ್ಕಿಂತ ಹೆಚ್ಚಾಗಿ ದ್ರಾಕ್ಷಿ. ಇಲ್ಲಿನ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು.

ದ್ರಾಕ್ಷಿ ಬೆಳೆಯುವವನಿಗೆ ಖನಿಜದ ಪಾಠ ಹೇಳಿಕೊಡಬೇಕಾಗಿಲ್ಲ. ಹಳೆಯ ಎಲೆಯ ನರಗಳ ನಡುವೆ ಹಳದಿ ಕಂಡರೆ ಮೆಗ್ನೀಷಿಯಂ ಕೊರತೆ ಇರಬಹುದೆಂದು ಅವನಿಗೆ ಗೊತ್ತು. ಎಲೆ ಚಿಕ್ಕದಾಗಿ, ಗೊಂಚಲಲ್ಲಿ ಕಾಳು ಒಂದೊಂದು ಗಾತ್ರವಾದರೆ ಜಿಂಕ್ ಕಡಿಮೆಯಾಗಿರಬಹುದು. ಸಲ್ಫೇಟ್ ಕಲಸಿ ಸಿಂಪಡಿಸಿದರೆ ಬಳ್ಳಿ ಚೇತರಿಸಿಕೊಳ್ಳುತ್ತದೆ. ಇದನ್ನು ಕಣ್ಣಾರೆ ಕಂಡ ಮನುಷ್ಯ ತನ್ನ ಮಗುವಿನ ವಿಷಯದಲ್ಲೂ ಹಾಗೆಯೇ ಯೋಚಿಸಿದರೆ ಅದನ್ನು ಮೂಢನಂಬಿಕೆ ಎನ್ನಲಾಗದು. ಅದು ಅನುಭವದಿಂದ ಬಂದ ತರ್ಕ.

ಇನ್ನೊಂದು ಕಾರಣವೂ ಇದೆ. ದಿಂಡಿಗಲ್ ಜಿಲ್ಲೆಯ ಪಳನಿಯಲ್ಲಿರುವ ಮುರುಗನ ಮೂರ್ತಿಯನ್ನು ಬೋಗರ್ ಎಂಬ ಸಿದ್ಧರು ಒಂಬತ್ತು ಪಾಷಾಣಗಳನ್ನು ಕೂಡಿಸಿ ಮಾಡಿದರೆಂದೂ ಅದಕ್ಕೆ ಅಭಿಷೇಕ ಮಾಡಿದ ಪದಾರ್ಥ ಔಷಧವಾಗುತ್ತದೆಂದೂ ಅಲ್ಲಿನವರ ನಂಬಿಕೆ. ಸಿದ್ಧ ವೈದ್ಯದಲ್ಲಿ ಲೋಹ, ಖನಿಜಗಳ ಭಸ್ಮಗಳು ಬಹಳ. ಬೇರೆಯವರ ಶ್ರದ್ಧೆಯನ್ನು ಅಳೆಯುವುದು ನಮ್ಮ ಕೆಲಸವಲ್ಲ. ಕಲ್ಲು, ಲೋಹಗಳಲ್ಲಿ ಗುಣಪಡಿಸುವ ಶಕ್ತಿಯಿದೆ ಎಂಬ ಭಾವನೆ ಆ ಮಣ್ಣಿನಲ್ಲಿ ಹಳೆಯದು ಎಂದಷ್ಟೇ ಹೇಳುತ್ತಿದ್ದೇವೆ.

ಆದರೆ ಅದೇ ದ್ರಾಕ್ಷಿ ಬೆಳೆಗಾರ ಇನ್ನೊಂದು ಕೆಲಸವನ್ನೂ ಮಾಡುತ್ತಾನಲ್ಲವೇ? ಮಣ್ಣಿನ ಪರೀಕ್ಷೆ ಮಾಡಿಸುತ್ತಾನೆ, ಎಲೆಯ ತೊಟ್ಟನ್ನು ಕಿತ್ತು ಪ್ರಯೋಗಾಲಯಕ್ಕೆ ಕಳಿಸುತ್ತಾನೆ. ಕೊರತೆ ಇದ್ದರೆ ಮಾತ್ರ ಹಾಕುತ್ತಾನೆ. ಅತಿಯಾದರೆ ಬಳ್ಳಿ ಸುಡುತ್ತದೆಂದು ಅವನಿಗೆ ಗೊತ್ತು. ಬಳ್ಳಿಗೆ ಇರುವ ಈ ಎಚ್ಚರ ಮಗುವಿಗೆ ಬೇಡವೇ?

ಖನಿಜದಿಂದ ಬುದ್ಧಿ ಉಳಿದದ್ದು ಸುಳ್ಳಲ್ಲ

ಖನಿಜಕ್ಕೂ ಮಿದುಳಿಗೂ ಸಂಬಂಧವೇ ಇಲ್ಲವೆಂದು ಯಾರೂ ಹೇಳಲಾರರು. ಅಯೋಡಿನ್ ಕಥೆಯನ್ನೇ ನೋಡಿ. ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ಗಳಗಂಡ ಮನೆಮನೆಯ ಕಾಯಿಲೆಯಾಗಿತ್ತು. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿಯವರೂ ಅವರ ಸಂಗಡಿಗರೂ ಅಲ್ಲಿನ ಕೆಲವು ಪ್ರದೇಶಗಳಿಗೆ ಅಯೋಡಿನ್ ಬೆರೆಸಿದ ಉಪ್ಪನ್ನೂ ಒಂದು ಪ್ರದೇಶಕ್ಕೆ ಬರಿಯ ಉಪ್ಪನ್ನೂ ಕೊಟ್ಟು ವರ್ಷಗಟ್ಟಲೆ ಗಮನಿಸಿದರು. ಅಯೋಡಿನ್ ಸಿಕ್ಕ ಕಡೆ ಗಳಗಂಡ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಇಂದು ನಮ್ಮೆಲ್ಲರ ಅಡುಗೆಮನೆಯಲ್ಲಿರುವ ಉಪ್ಪಿನ ಪೊಟ್ಟಣದ ಹಿಂದೆ ಈ ಕಥೆಯಿದೆ. ಬಸುರಿಯಲ್ಲಿ ಅಯೋಡಿನ್ ತೀರ ಕಡಿಮೆಯಾದರೆ ಹುಟ್ಟುವ ಮಗುವಿನ ಬುದ್ಧಿ ಬೆಳೆಯುವುದಿಲ್ಲ. ಗಮನಿಸಬೇಕಾದ ಸಂಗತಿ ಇನ್ನೊಂದಿದೆ: ಹುಟ್ಟುವ ಮೊದಲೇ ಆದ ಆ ಹಾನಿಯನ್ನು ಐದನೆಯ ವಯಸ್ಸಿನಲ್ಲಿ ಅಯೋಡಿನ್ ಕೊಟ್ಟು ಸರಿಮಾಡಲಾಗದು. ಕಾರಣ ಖನಿಜವೇ ಆಗಿದ್ದ ಕಡೆಯೂ ಕಾಲ ಮೀರಿದರೆ ಹೀಗೆ!

ಆಟಿಸಂನಲ್ಲಿ ಖನಿಜದ ಆಸೆ ಹುಟ್ಟಿದ್ದು ಅಮೆರಿಕದ ಒಬ್ಬ ತಂದೆಯಿಂದ. ಬರ್ನಾರ್ಡ್ ರಿಮ್‌ಲ್ಯಾಂಡ್ ಮನಶ್ಶಾಸ್ತ್ರಜ್ಞರು. ಅವರ ಮಗನಿಗೆ ಆಟಿಸಂ ಇತ್ತು. ತಾಯಿ ಪ್ರೀತಿಯಿಲ್ಲದೆ ತಣ್ಣಗಿರುವುದರಿಂದಲೇ ಮಗು ಹೀಗಾಗುತ್ತದೆ ಎಂದು ದೊಡ್ಡ ದೊಡ್ಡ ಪಂಡಿತರೇ ಹೇಳುತ್ತಿದ್ದ ಕಾಲವದು. ರಿಮ್‌ಲ್ಯಾಂಡ್ 1964ರಲ್ಲಿ ಒಂದು ಪುಸ್ತಕ ಬರೆದು, ಇದು ತಾಯಿಯ ತಪ್ಪಲ್ಲ, ಮಿದುಳಿನ ವಿಷಯ ಎಂದು ವಾದಿಸಿದರು. ಅದೊಂದು ಉಪಕಾರಕ್ಕೆ ಜಗತ್ತಿನ ತಾಯಂದಿರು ಅವರಿಗೆ ಋಣಿಗಳು. ನಮ್ಮ ಕೇರಿಗಳಲ್ಲಿ "ಅವಳು ಟಿ.ವಿ. ಹಚ್ಚಿ ಕೂರಿಸಿದ್ದಕ್ಕೇ ಹೀಗಾಯಿತು" ಎನ್ನುವವರಿಗೆ ಈ ಸುದ್ದಿ ಇನ್ನೂ ತಲುಪಿಲ್ಲ, ಅದು ಬೇರೆ ಮಾತು.

ಅದೇ ರಿಮ್‌ಲ್ಯಾಂಡ್ ಬಿ6 ಜೀವಸತ್ವವನ್ನು ದೊಡ್ಡ ಪ್ರಮಾಣದಲ್ಲಿ ಮೆಗ್ನೀಷಿಯಂ ಜತೆ ಕೊಟ್ಟರೆ ಮಕ್ಕಳು ಸುಧಾರಿಸುತ್ತಾರೆಂದು ನಂಬಿದ್ದರು. ಸಾವಿರಾರು ಕುಟುಂಬಗಳು ಪ್ರಯತ್ನಿಸಿದವು. 1997ರಲ್ಲಿ ನಿಜವಾದ ಔಷಧ, ಸುಮ್ಮನೆ ಕೊಟ್ಟ ಸಪ್ಪೆ ಔಷಧ ಎರಡನ್ನೂ ಗುಟ್ಟಾಗಿ ಕೊಟ್ಟು ನೋಡಿದ ಒಂದು ಪುಟ್ಟ ಅಧ್ಯಯನದಲ್ಲಿ ಯಾವ ಲಾಭವೂ ಕಾಣಲಿಲ್ಲ. ಆಮೇಲೆ ಎಲ್ಲ ಅಧ್ಯಯನಗಳನ್ನೂ ಕೂಡಿಸಿ ನೋಡಿದ ಕಾಕ್ರೇನ್ ವಿಮರ್ಶಕರಿಗೆ ಲೆಕ್ಕಕ್ಕೆ ಸಿಕ್ಕಿದ್ದೇ ಮೂರು ಸಣ್ಣ ಅಧ್ಯಯನಗಳು. ಇವುಗಳ ಬಲದ ಮೇಲೆ ಈ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದು ಎಂದು ಅವರು ಬರೆದರು. 2017ರಲ್ಲಿ ಸ್ವೀಡನ್ನಿನ ಅವಳಿ ಮಕ್ಕಳ ಹಾಲುಹಲ್ಲುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಆಟಿಸಂ ಇದ್ದ ಮಕ್ಕಳಲ್ಲಿ ಹುಟ್ಟಿನ ಆಸುಪಾಸಿನಲ್ಲಿ ಜಿಂಕ್, ಮ್ಯಾಂಗನೀಸ್, ಸೀಸಗಳ ಹೀರಿಕೆ ಬೇರೆಯಾಗಿತ್ತು ಎಂದು ತೋರಿಸಿದರು. ಇದು ಮುಂದಿನ ಸಂಶೋಧನೆಗೆ ಒಂದು ದಾರಿ, ಅಷ್ಟೆ. ಇದನ್ನು ತೋರಿಸಿ ನಾಲ್ಕು ವರ್ಷದ ಮಗುವಿಗೆ ಜಿಂಕ್ ಮಾರಿದರೆ ಅದು ವ್ಯಾಪಾರ.

"ಆದರೆ ನಮ್ಮ ಮಗು ಸುಧಾರಿಸಿತಲ್ಲ?"

ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ತಾಯಿ ಸುಳ್ಳು ಹೇಳುವುದಿಲ್ಲ. ಆದರೆ ಈ ಮಕ್ಕಳೂ ಬೆಳೆಯುತ್ತಾರೆ, ತಮ್ಮದೇ ವೇಗದಲ್ಲಿ ಕಲಿಯುತ್ತಾರೆ. ಟಾನಿಕ್ ಶುರುಮಾಡಿದ ತಿಂಗಳಲ್ಲೇ ಮಗುವನ್ನು ಅಂಗನವಾಡಿಗೆ ಕಳಿಸಿರಬಹುದು, ಮನೆಯವರು ಹೆಚ್ಚು ಹೊತ್ತು ಜತೆಗೆ ಕೂತಿರಬಹುದು. ಆಸೆಯಿಂದ ನೋಡುವ ಕಣ್ಣಿಗೆ ಮೊದಲಿಂದಲೂ ಇದ್ದ ಸಣ್ಣ ನಗು ಹೊಸದಾಗಿ ಕಾಣಬಹುದು.

1999ರಲ್ಲಿ ಅಮೆರಿಕದಲ್ಲಿ ಸೆಕ್ರೆಟಿನ್ ಎಂಬ ಹಾರ್ಮೋನನ್ನು ಹೀಗೆಯೇ ಪರೀಕ್ಷಿಸಿದರು. ಅದು ಖನಿಜವಲ್ಲವಾದರೂ ಅದರ ಸುತ್ತ ಹಬ್ಬಿದ್ದ ಆಸೆ ಇದೇ ಬಗೆಯದು. 60 ಮಕ್ಕಳನ್ನು ಆರಿಸಿ ಅರ್ಧದಷ್ಟು ಮಕ್ಕಳಿಗೆ ಔಷಧದ ಚುಚ್ಚುಮದ್ದು, ಉಳಿದವರಿಗೆ ಬರಿಯ ಉಪ್ಪುನೀರು. ಯಾರಿಗೆ ಯಾವುದು ಎಂದು ತಂದೆತಾಯಿಗಳಿಗೆ ಹೇಳಲಿಲ್ಲ. ಎರಡೂ ಗುಂಪಿನ ಮಕ್ಕಳು ಸುಧಾರಿಸಿದರು! ಎರಡರ ನಡುವೆ ವ್ಯತ್ಯಾಸವೇ ಇರಲಿಲ್ಲ. ಫಲಿತಾಂಶ ತಿಳಿಸಿದ ಮೇಲೂ ನೂರಕ್ಕೆ 69ರಷ್ಟು ಹೆತ್ತವರು ಸೆಕ್ರೆಟಿನ್ ಬೇಕೆಂದೇ ಹೇಳಿದರಂತೆ. ನಗುವ ವಿಷಯವಲ್ಲ ಇದು. ಅವರ ಜಾಗದಲ್ಲಿ ನಾವಿದ್ದಿದ್ದರೆ ಏನು ಹೇಳುತ್ತಿದ್ದೆವು?

ನಿಜವಾಗಿ ಬೇಕಾಗುವುದು ಯಾವಾಗ

ಆಟಿಸಂ ಇರುವ ಅನೇಕ ಮಕ್ಕಳು ಊಟದಲ್ಲಿ ಬಹಳ ಹಟ. ಕೆಲವರಿಗೆ ಮೊಸರನ್ನವೇ ಆಗಬೇಕು, ಕೆಲವರಿಗೆ ಒಂದೇ ಕಂಪನಿಯ ಬಿಸ್ಕತ್ತು. ಸೊಪ್ಪು, ಕಾಳು, ಮೀನು, ಮೊಟ್ಟೆ ಹತ್ತಿರಕ್ಕೂ ಸೇರಿಸುವುದಿಲ್ಲ. ಇದು ಬರಿಯ ತುಂಟತನವಲ್ಲ. ಪದಾರ್ಥದ ವಾಸನೆ, ಬಣ್ಣ, ಬಾಯಿಗೆ ಸಿಗುವ ಬಗೆ ಅವರಿಗೆ ತಡೆಯಲಾಗದಷ್ಟು ತೀವ್ರ. ಹಾಲನ್ನೇ ಕುಡಿದು ಬದುಕುವ ಮಗುವಿಗೆ ಕಬ್ಬಿಣಾಂಶ ಕಡಿಮೆಯಾಗುವುದು ಸಹಜ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆ ಇರುವವರು ಕರ್ನಾಟಕದಲ್ಲಿ ಶೇ. 65.5, ತಮಿಳುನಾಡಿನಲ್ಲಿ ಶೇ. 57.4. ಎಲ್ಲ ಮಕ್ಕಳ ಲೆಕ್ಕ ಇದು. ಹಾಗಿದ್ದ ಮೇಲೆ ಊಟದಲ್ಲಿ ಹಟ ಮಾಡುವ ಮಗುವಿನ ಗತಿ?

ಕೆನಡಾದ ಟೊರಾಂಟೊದಲ್ಲಿ 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆಟಿಸಂ ಇದ್ದ 33 ಮಕ್ಕಳಿಗೆ ಎಂಟು ವಾರ ಕಬ್ಬಿಣಾಂಶ ಕೊಟ್ಟಾಗ ರಾತ್ರಿಯ ಹೊರಳಾಟ ಕಡಿಮೆಯಾಯಿತು. ಅಲ್ಲಿ ಹೋಲಿಕೆಗೆ ಸಪ್ಪೆ ಔಷಧದ ಗುಂಪಿರಲಿಲ್ಲ, ಅದನ್ನೂ ಹೇಳಬೇಕು. ಆದರೂ ರಾತ್ರಿಯಿಡೀ ಮಗುವಿನೊಂದಿಗೆ ಎಚ್ಚರವಿರುವ ತಾಯಿಗೆ ಈ ಪರೀಕ್ಷೆ ಮಾಡಿಸುವುದು ಉಪಯುಕ್ತ. ಹಿಮೋಗ್ಲೋಬಿನ್ ಜತೆ ಫೆರಿಟಿನ್ ಎಂಬ ರಕ್ತಪರೀಕ್ಷೆಯನ್ನೂ ಮಾಡಿಸಬೇಕೇ ಎಂದು ಡಾಕ್ಟರನ್ನು ಕೇಳಿ. ಮಗು ಮಣ್ಣು, ಸುಣ್ಣ, ಬಳಪ ತಿನ್ನುತ್ತಿದ್ದರೆ ಮರೆಯದೆ ಹೇಳಿ. ಕೊರತೆ ಕಂಡರೆ ಕಬ್ಬಿಣದ ಸಿರಪ್ ಕೊಡಲೇಬೇಕು. ಮಗು ಚೆನ್ನಾಗಿ ನಿದ್ದೆ ಮಾಡೀತು, ಗಮನವಿಟ್ಟು ಕಲಿತೀತು. ಆದರೆ ಅದರಿಂದ ಆಟಿಸಂ ಹೋಗುವುದಿಲ್ಲ.

ಹಾಗೆಂದು ತಾವೇ ಅಳತೆ ಮಾಡಿ ಕೊಡಬೇಡಿ. ಕಬ್ಬಿಣದ ಮಾತ್ರೆ, ಸಿರಪ್ಪುಗಳನ್ನು ಪುಟ್ಟ ಮಕ್ಕಳು ಒಟ್ಟಿಗೆ ನುಂಗಿ ಜೀವ ಕಳೆದುಕೊಂಡದ್ದಿದೆ. ಗೂಟಕ್ಕೆ ನೇತುಹಾಕಿದ ಕೈಚೀಲದಲ್ಲಿಡದೆ ಬೀಗದೊಳಗೆ ಇಡಿ. ಜಿಂಕ್ ವಿಷಯವೂ ಹೀಗೆಯೇ. ಭೇದಿಯಾದ ಮಗುವಿಗೆ ಓ.ಆರ್.ಎಸ್. ಜತೆ 10ರಿಂದ 14 ದಿನ ಜಿಂಕ್ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಎರಡೂ 2004ರಲ್ಲಿ ಹೇಳಿದವು. ಅದರಿಂದ ಅನೇಕ ಮಕ್ಕಳು ಉಳಿದಿದ್ದಾರೆ. 14 ದಿನದ ಆ ಔಷಧವನ್ನು 14 ತಿಂಗಳು ಕೊಟ್ಟರೆ? ನಾಲ್ಕರಿಂದ ಎಂಟು ವರ್ಷದ ಮಗುವಿಗೆ ಊಟವೂ ಸೇರಿ ದಿನಕ್ಕೆ 12 ಮಿಲಿಗ್ರಾಂ ಜಿಂಕ್ ಮೀರಬಾರದೆಂದು ಅಮೆರಿಕದ ಪೌಷ್ಟಿಕ ತಜ್ಞರ ಮಿತಿ. ಅಂಗಡಿಯಲ್ಲಿ ಸಿಗುವ ಎಷ್ಟೋ ಸಿರಪ್ಪುಗಳ ಒಂದು ಚಮಚದಲ್ಲೇ 20 ಮಿಲಿಗ್ರಾಂ ಇರುತ್ತದೆ. ಬಹುಕಾಲ ಜಿಂಕ್ ಹೆಚ್ಚಾದರೆ ದೇಹ ತಾಮ್ರವನ್ನು ಹೀರಿಕೊಳ್ಳಲಾರದು, ರಕ್ತಹೀನತೆ ಬರುತ್ತದೆ. ಮೆಗ್ನೀಷಿಯಂ ಹೆಚ್ಚಾದರೆ ಭೇದಿ. ಬಿ6 ಅತಿಯಾದರೆ ಕೈಕಾಲಿನ ನರಗಳೇ ಜಡವಾಗುತ್ತವೆ. ಜೋಮು ಹಿಡಿಯುತ್ತಿದೆ ಎಂದು ಮಾತು ಬಾರದ ಮಗು ಯಾರಿಗೆ ಹೇಳಬೇಕು?

ಅಪಾಯದ ಅಂಗಡಿಗಳು

ಕೂದಲು ಕತ್ತರಿಸಿ ಕಳಿಸಿ, ದೇಹದ ಖನಿಜಗಳ ಪಟ್ಟಿ ಕೊಡುತ್ತೇವೆ ಎನ್ನುವವರಿದ್ದಾರೆ. 2001ರಲ್ಲಿ ಒಬ್ಬರೇ ವ್ಯಕ್ತಿಯ ಕೂದಲನ್ನು ಅಮೆರಿಕದ ಆರು ಪ್ರಯೋಗಾಲಯಗಳಿಗೆ ಕಳಿಸಿ ನೋಡಿದಾಗ ವರದಿಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಇಂಥ ವರದಿ ಹಿಡಿದು 'ಲೋಹ ತೆಗೆಯುವ' ಚಿಕಿತ್ಸೆಗೆ ಹೋಗುವವರಿದ್ದಾರೆ. 2005ರ ಆಗಸ್ಟಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆಟಿಸಂ ಇದ್ದ ಐದು ವರ್ಷದ ಗಂಡುಮಗು ಆ ಚಿಕಿತ್ಸೆಯಲ್ಲೇ ತೀರಿಕೊಂಡಿತು. ಲೋಹ ತೆಗೆಯಲೆಂದು ನರಕ್ಕೆ ಹಾಕಿದ ಔಷಧ ರಕ್ತದ ಕ್ಯಾಲ್ಸಿಯಂ ಅನ್ನೇ ಹಿಡಿದುಬಿಟ್ಟಿತು, ಹೃದಯ ನಿಂತಿತು.

ಇನ್ನೂ ಒಂದಿದೆ, ನಮ್ಮ ಓದುಗರು ವಿಶೇಷವಾಗಿ ತಿಳಿಯಬೇಕಾದದ್ದು. 'ಮಿರಾಕಲ್ ಮಿನರಲ್ ಸೊಲ್ಯೂಷನ್' ಎಂಬ ದ್ರಾವಣ. ಹೆಸರಿನಲ್ಲಿ ಖನಿಜವೂ ಇದೆ, ಪವಾಡವೂ ಇದೆ. ಒಳಗಿರುವುದು ಸೋಡಿಯಂ ಕ್ಲೋರೈಟ್. ಹುಳಿಯ ಜತೆ ಬೆರೆಸಿದರೆ ಕಾಗದ, ಬಟ್ಟೆಗಳನ್ನು ಬೆಳ್ಳಗೆ ಮಾಡುವ ಕ್ಲೋರಿನ್ ಡೈಆಕ್ಸೈಡ್ ಆಗುತ್ತದೆ. ಇದನ್ನು ಆಟಿಸಂ ಮಕ್ಕಳಿಗೆ ಕುಡಿಸಿದವರೂ, ಎನಿಮಾ ಕೊಟ್ಟವರೂ ಇದ್ದಾರೆ. ಅಮೆರಿಕದ ಔಷಧ ಇಲಾಖೆ 2010ರಲ್ಲಿ, ಮತ್ತೆ 2019ರಲ್ಲಿ ಎಚ್ಚರಿಕೆ ಕೊಟ್ಟಿತು. ಫ್ಲಾರಿಡಾದಲ್ಲಿ ಇದನ್ನು ಮಾರುತ್ತಿದ್ದ ಒಬ್ಬ ತಂದೆ, ಮೂವರು ಮಕ್ಕಳು ತಮ್ಮ ವ್ಯಾಪಾರಕ್ಕೆ 'ಚರ್ಚ್' ಎಂದೇ ಹೆಸರಿಟ್ಟು, ಬಾಟಲಿಯನ್ನು 'ಸಂಸ್ಕಾರ'ವೆಂದು ಕರೆದಿದ್ದರು. 2023ರಲ್ಲಿ ನ್ಯಾಯಾಲಯ ನಾಲ್ವರಿಗೂ ಜೈಲು ವಿಧಿಸಿತು. ಇಬ್ಬರಿಗೆ ಹನ್ನೆರಡು ವರ್ಷಕ್ಕೂ ಹೆಚ್ಚು. ಚರ್ಚ್ ಎಂಬ ಬೋರ್ಡು ಕಂಡೊಡನೆ ನಂಬುವ ಸ್ವಭಾವ ನಮ್ಮಲ್ಲಿ ಇರುವುದರಿಂದಲೇ ಇದನ್ನು ಇಷ್ಟು ಬಿಡಿಸಿ ಬರೆದಿದ್ದೇವೆ.

ಊರಿನ ಭಸ್ಮವಾದರೆ ಭಯವಿಲ್ಲ ಎನ್ನಬಹುದು. 2004ರಲ್ಲಿ ಬೋಸ್ಟನ್ ಸುತ್ತಿನ ಅಂಗಡಿಗಳಲ್ಲಿ ಮಾರುತ್ತಿದ್ದ 70 ಆಯುರ್ವೇದ ಔಷಧಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ಬೆಳೆಯುವ ಮಿದುಳಿಗೆ ಸೀಸಕ್ಕಿಂತ ಕೆಟ್ಟದ್ದು ಕಡಿಮೆ.

ಹಣ ಹೋದರೆ ಹೋಗಲಿ, ಕಾಲ?

ನಮ್ಮ ದೊಡ್ಡ ಆತಂಕ ಇದು. ಎರಡರಿಂದ ಆರು ವರ್ಷದ ಕಾಲ ಮಗು ಬೇಗ ಕಲಿಯುವ ಕಾಲ. ಅದನ್ನು ಒಂದು ಬಾಟಲಿಯಿಂದ ಇನ್ನೊಂದು ಬಾಟಲಿಗೆ ಕಾಯುತ್ತಾ ಕಳೆದುಬಿಟ್ಟರೆ?

ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಆಟಿಸಂ ಇದ್ದ 65 ಮಕ್ಕಳು. ಅರ್ಧದಷ್ಟು ಮನೆಗಳಿಗೆ ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು ಹದಿನೈದು ದಿನಕ್ಕೊಮ್ಮೆ, ಆರು ತಿಂಗಳಲ್ಲಿ 12 ಸಲ ಹೋದರು. ತಾಯಿ-ಮಗು ಆಡುವುದನ್ನು ವಿಡಿಯೊ ತೆಗೆದು ತಾಯಿಯ ಜತೆ ಕೂತು ನೋಡಿದರು. ಮಗು ಎಲ್ಲಿ ನೋಡುತ್ತಿದೆ, ಯಾವಾಗ ಕೈ ಚಾಚಿತು, ಆಗ ತಾಯಿ ಏನು ಮಾಡಬಹುದಿತ್ತು. ಇಷ್ಟೇ. ತಂದೆತಾಯಿಗಳು ಮಗುವಿನ ಜಾಡು ಹಿಡಿಯಲು ಕಲಿತರು, ಮಕ್ಕಳು ತಾವಾಗಿ ಸಂಪರ್ಕಕ್ಕೆ ಬರುವುದು ಹೆಚ್ಚಾಯಿತು. ಆಟಿಸಂ ಹೋಯಿತೆಂದು ಅವರೂ ಹೇಳಿಲ್ಲ. ಬೆಂಗಳೂರಿನಲ್ಲಿ ಡಾ. ಪ್ರತಿಭಾ ಕಾರಂತರು 2000ರಲ್ಲಿ ಆರಂಭಿಸಿದ 'ಕಾಮ್ ಡೀಲ್' ಕಾರ್ಯಕ್ರಮವೂ ಶಾಲೆಗೆ ಮುಂಚಿನ ಮಕ್ಕಳಿಗಾಗಿಯೇ ಇರುವುದು. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ನಮಗೆ ತಿಳಿದವೇ. ಕಂಬಂ ಕಡೆಯವರಿಗೆ ಹತ್ತಿರದ್ದು ತೇನಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ. ದಿಂಡಿಗಲ್‌ನಲ್ಲೂ 2022ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಉದ್ಘಾಟನೆಯಾಗಿದೆ.

ಗಡಿಯಾಚೆಯ ಕನ್ನಡ ಮನೆಗಳಿಗೆ ಇನ್ನೊಂದು ಮಾತು. "ಮನೆಯಲ್ಲಿ ಒಂದು ಭಾಷೆ, ಹೊರಗೆ ಒಂದು, ಅದಕ್ಕೇ ಮಗುವಿಗೆ ಗೊಂದಲ, ಕನ್ನಡ ಬಿಡಿ" ಎಂದು ಸಲಹೆ ಕೊಡುವವರು ಸಿಗುತ್ತಾರೆ. ಎರಡು ಭಾಷೆಯ ಮನೆಯಲ್ಲಿ ಬೆಳೆದ ಆಟಿಸಂ ಮಕ್ಕಳ ಮಾತು ಒಂದೇ ಭಾಷೆಯವರಿಗಿಂತ ಹಿಂದೆ ಬೀಳುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ತಾಯಿಗೆ ಲಾಲಿ ಹಾಡಲು, ಗದರಲು, ಮುದ್ದಿಸಲು ಬರುವುದು ಕನ್ನಡವಾದರೆ ಕನ್ನಡದಲ್ಲೇ ಆಡಿಸಲಿ.

ಸರ್ಕಾರದಿಂದ ಸಿಗುವುದನ್ನೂ ಕೇಳಿ ಪಡೆಯಬೇಕು. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲೂ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲೂ ಆಟಿಸಂ ಸೇರಿದೆ. ಪ್ರಮಾಣಪತ್ರ ಮಾಡಿಸಿಕೊಂಡರೆ 'ನಿರಾಮಯ' ಯೋಜನೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ಸಿಗುತ್ತದೆ, ತೆರಪಿ ಖರ್ಚಿಗೂ ಅದರಲ್ಲಿ ಒಂದು ಪಾಲಿದೆ.

ಈಗಾಗಲೇ ಮನೆಯಲ್ಲಿ ಬಾಟಲಿಗಳಿದ್ದರೆ ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ನಾಟಿ ವೈದ್ಯರು ಕೊಟ್ಟ ಪುಡಿಯ ಪೊಟ್ಟಣವೂ ಇರಲಿ. ಬೈಯುತ್ತಾರೆಂದು ಮುಚ್ಚಿಡಬೇಡಿ. ಹೆಚ್ಚಿನ ಬಾಟಲಿಗಳ ಮೇಲೆ ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ 'ಔಷಧವಾಗಿ ಬಳಸಲು ಅಲ್ಲ' ಎಂದು ಅಚ್ಚಾಗಿರುತ್ತದೆ. ಓದಲು ಬಾರದಿದ್ದರೆ ಓದುವ ಮಕ್ಕಳ ಕೈಯಲ್ಲಿ ಓದಿಸಿ. ಯಾವುದನ್ನು ಎಂದಿನಿಂದ, ದಿನಕ್ಕೆ ಎಷ್ಟು ಚಮಚ ಕೊಡುತ್ತಿದ್ದೀರಿ ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಮಗು ಒಂದು ವಾರದಲ್ಲಿ ಏನೇನು ತಿಂದಿತು, ರಾತ್ರಿ ಎಷ್ಟು ಹೊತ್ತು ಮಲಗಿತು ಎಂಬುದನ್ನೂ ಅದೇ ಚೀಟಿಯ ಹಿಂದೆ ಬರೆದರೆ ಡಾಕ್ಟರಿಗೆ ಬಹಳ ಉಪಯೋಗವಾಗುತ್ತದೆ.